ಯಾರೂ ತುಳಿಯದ ಜಾಗ

ತರೀಕೆರೆಯ ಪಾತ್ರೆ ಅಂಗಡಿ ಓಂಕಾರೇಶನಿಗೆ ಹೆದರಿಕೆ ಎಂಬುದು ಯಾವಾಗಲೋ ಬಂದು ಹೋಗುವ ಜ್ವರವಲ್ಲ, ಹುಟ್ಟಿನಿಂದ ಬಂದ ಆಸ್ತಿ. ತಾನೇ ಜೋಡಿಸಿದ ತಟ್ಟೆ ಜಾರಿ ಬಿದ್ದರೆ ತಾನೇ ಬೆಚ್ಚಿ ಬೀಳುವ ಮನುಷ್ಯ. ಹೋಗಿ ಹೋಗಿ ಪಾತ್ರೆ ವ್ಯಾಪಾರವನ್ನೇ ಯಾಕೆ ಹಿಡಿದನೋ ಆ ಶಿವನೇ ಬಲ್ಲ. ಇಂಥವನಿಗೆ ವಿಧಿ ಕೊಟ್ಟ ಬಾಳಾದರೂ ಎಂಥದ್ದು? ಮನೆ ಮೇಲ್ಪೇಟೆಯಲ್ಲಿ, ಅಂಗಡಿ ಕೆಳಪೇಟೆಯಲ್ಲಿ.

ಇದರಲ್ಲೇನು ಮಹಾ ಎಂದು ಹೊರಗಿನವರು ಕೇಳಬಹುದು, ಊರಿನವರು ಕೇಳುವುದಿಲ್ಲ. ಮೇಲ್ಪೇಟೆಗೊಂದು ಫುಟ್‌ಬಾಲ್ ಕ್ಲಬ್ಬು, ಕೆಳಪೇಟೆಗೊಂದು ಫುಟ್‌ಬಾಲ್ ಕ್ಲಬ್ಬು. ಈ ಎರಡರ ದ್ವೇಷದ ಮುಂದೆ ಹಾವು ಮುಂಗುಸಿಗಳು ಒಡಹುಟ್ಟಿದವರು. ಮೇಲ್ಪೇಟೆಯ ಕ್ಯಾಪ್ಟನ್ ಯೋಗಾನಂದ ಓಂಕಾರೇಶನ ಹೆಂಡತಿ ಕೋಮಲಾಳ ಖಾಸಾ ತಮ್ಮ, ಪಕ್ಕದ ಮನೆಯಲ್ಲೇ ವಾಸ. ಕೆಳಪೇಟೆಯ ಅಧ್ಯಕ್ಷ ರುದ್ರಮೂರ್ತಿಯವರು ಓಂಕಾರೇಶನ ಅಂಗಡಿ ಮಳಿಗೆಯ ಮಾಲೀಕರು. ಹೀಗೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಮನುಷ್ಯ ಬದುಕುವ ಒಂದು ಉಪಾಯವನ್ನು ಕಂಡುಕೊಂಡಿದ್ದ. ಬೆಳಗ್ಗೆ ಮನೆಯಲ್ಲಿ ರೊಟ್ಟಿ ಮುರಿಯುತ್ತ, "ಆ ರುದ್ರಮೂರ್ತಿ ಹುಡುಗ್ರಿಗೆ ಚೆಂಡು ಯಾವ್ದು, ಸೋರೆಕಾಯಿ ಯಾವ್ದು ಗೊತ್ತಿಲ್ಲ ಕಣಯ್ಯಾ" ಎಂದು ಬಾಮೈದನನ್ನು ನಗಿಸುತ್ತಿದ್ದ. ಅಂಗಡಿ ಬಾಗಿಲು ತೆಗೆದ ಮೇಲೆ, "ನಮ್ಮ ಯೋಗಾನಂದ ಓಡೋದು ನೋಡಿದೀರಾ ಅಣ್ಣಾ? ಗಬ್ಬದ ಎಮ್ಮೆ ಕಟ್ಟು ಕಿತ್ಕೊಂಡಂಗೆ" ಎಂದು ಮಾಲೀಕರನ್ನು ನಗಿಸುತ್ತಿದ್ದ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದವರಾದ್ದರಿಂದ ಈ ವ್ಯಾಪಾರ ಪಾತ್ರೆ ವ್ಯಾಪಾರಕ್ಕಿಂತ ಸೊಗಸಾಗಿ ನಡೆದಿತ್ತು.

ಕೆಟ್ಟಕಾಲ ಬಂದದ್ದು ಸ್ಕೂಟರ್ ಏರಿಕೊಂಡು. ಎರಡು ಕ್ಲಬ್ಬುಗಳ ವಾರ್ಷಿಕ ಪಂದ್ಯ ಭಾನುವಾರವೆಂದರೆ, ಶುಕ್ರವಾರ ಓಂಕಾರೇಶ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಂದ. ಅತ್ತೆ ತೀರ್ಥಮ್ಮನವರು ಎದುರಿಗೆ ನಿಂತು ಪೂಜೆ ಮಾಡಿಸಿದರು. ವಿಭೂತಿ ಎಳೆದು, ಹಾರ ಹಾಕಿ, ಅರಿಶಿನದ ದಾರ ಸುತ್ತಿ ಕುಂಕುಮ ಮೆತ್ತಿದ ನಿಂಬೆಹಣ್ಣನ್ನು ಚಕ್ರಕ್ಕೊಂದರಂತೆ ಇಟ್ಟು, "ಹತ್ತಿಸಿ ಅಳಿಯಂದ್ರೇ, ಎರಡೂ ಅಪ್ಪಚ್ಚಿ ಆಗ್ಬೇಕು" ಎಂದರು. ಓಂಕಾರೇಶ ಕಣ್ಣು ಮುಚ್ಚಿಕೊಂಡು ಹ್ಯಾಂಡಲ್ ತಿರುವಿದ. ಹಿಂದಿನ ಚಕ್ರದ್ದು ಪಚಕ್ಕೆಂದಿತು. ಮುಂದಿನದು ಮಾತ್ರ ಚಕ್ರಕ್ಕೆ ಸಿಕ್ಕದೆ ಪುಳಕ್ಕನೆ ಜಾರಿ, ಉರುಳಿಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು.

ತೀರ್ಥಮ್ಮನವರ ಮುಖ ಸಣ್ಣಗಾಯಿತು. "ಒಡೀದೇ ಉಳಿದಿದ್ದು ಮನೆ ಹತ್ರ ಇರಬಾರ್ದು ಕಣ್ರೀ. ಯಾರೂ ತುಳೀದೇ ಇರೋ ಜಾಗ ನೋಡಿ ಇಟ್ಟು, ತಿರುಗಿ ನೋಡ್ದೆ ಬಂದ್ಬಿಡಿ. ಎಲ್ಲಿಟ್ಟೆ ಅಂತ ಯಾರ ಹತ್ರನೂ ಬಾಯಿ ಬಿಡಬೇಡಿ. ಬಿಟ್ರೆ ಬಿಟ್ಟೋರಿಗೇ ಸುತ್ಕೊಳ್ಳುತ್ತೆ."

ಓಂಕಾರೇಶ ನಿಂಬೆಹಣ್ಣನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಊರು ಸುತ್ತಿದ. ಕೆರೆ ಏರಿಯ ಮೇಲೆ ಸಕ್ಕರೆ ಕಾಯಿಲೆಯವರು ವಾಕಿಂಗ್ ಮಾಡುತ್ತಿದ್ದರು. ಅರಳಿಕಟ್ಟೆಯ ಹಿಂದೆ ಇಸ್ಪೀಟು ನಡೆದಿತ್ತು. ಯಾರೂ ತುಳಿಯದ ಜಾಗ ಒಂದು ಊರಿನಲ್ಲಿ ಇಷ್ಟು ದುರ್ಲಭವೆಂದು ಅವನಿಗೆ ಅಂದೇ ಗೊತ್ತಾದದ್ದು. ಕೊನೆಗೆ ಫುಟ್‌ಬಾಲ್ ಮೈದಾನಕ್ಕೆ ಬಂದ. ಪಶ್ಚಿಮದ ಗೋಲು ಕಂಬಗಳ ನಡುವೆ ಬಸ್ ಸ್ಟ್ಯಾಂಡಿಗೆ ಹೋಗುವ ಅಡ್ಡದಾರಿ. ಕುರಿ, ಕೋಳಿ, ಕಂಡಕ್ಟರು ಎಲ್ಲರೂ ಅದರಲ್ಲೇ ಓಡಾಡುವವರು. ಪೂರ್ವದ ಗೋಲನ್ನು ನೋಡಿದ. ಆಹಾ! ಕಂಬಗಳ ಒಳಗೆ ಮೊಣಕಾಲುದ್ದ ಹುಲ್ಲು, ಹುಲ್ಲಿನಲ್ಲಿ ಹೂವು, ಹೂವಿನ ಮೇಲೆ ಚಿಟ್ಟೆ. ಹಿಂದೆ ಮುಳ್ಳುಬೇಲಿ ಇದ್ದದ್ದರಿಂದ, ಚೆಂಡಿನ ಗಾಳಿ ಹೋದೀತೆಂದು ಅಭ್ಯಾಸಕ್ಕೆ ಅತ್ತ ಯಾರೂ ಒದೆಯುತ್ತಿರಲಿಲ್ಲ. ಪಂದ್ಯದಲ್ಲಿ ಒದೆಯುತ್ತಿದ್ದರು, ಆದರೆ ಚೆಂಡು ಒಳಗೆ ಹೋಗುತ್ತಿರಲಿಲ್ಲ. ಇಷ್ಟೆಲ್ಲ ದ್ವೇಷವಿದ್ದ ಆ ಎರಡು ಕ್ಲಬ್ಬುಗಳ ಪಂದ್ಯ ಪ್ರತಿ ವರ್ಷವೂ ಸೊನ್ನೆ-ಸೊನ್ನೆಯಲ್ಲಿ ಮುಗಿದು ಜಗಳದಲ್ಲಿ ಮುಂದುವರಿಯುವುದೇ ರೂಢಿ. ಓಂಕಾರೇಶ ಹುಲ್ಲು ಸರಿಸಿ ನಿಂಬೆಹಣ್ಣು ಇಟ್ಟು, ತಿರುಗಿ ನೋಡದೆ ಮನೆಗೆ ಬಂದ. ತನಗೂ ತಲೆ ಓಡುತ್ತದೆ ಎಂದು ಆ ರಾತ್ರಿ ಹೆಮ್ಮೆಯಿಂದ ಮಲಗಿದ.

ಹೆಮ್ಮೆ ಶನಿವಾರ ಅಂಗಡಿ ತೆಗೆಯುವವರೆಗೆ ಮಾತ್ರ ಬಾಳಿತು. ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಾಗ ರುದ್ರಮೂರ್ತಿಯವರು ಮೆಟ್ಟಿಲ ಮೇಲೆ ಗುಡುಗಿದರು.

"ಓಂಕಾರೇಶಾ! ನೋಡಿದ್ಯೇನಯ್ಯಾ ನಿಮ್ಮ ಮೇಲ್ಪೇಟೆಯೋರ ಹಲ್ಕಾ ಕೆಲ್ಸಾನ? ನಮ್ಮ ಗೋಲಲ್ಲಿ ಮಾಟ ಮಾಡ್ಸವ್ರೆ!"

ಪೂರ್ವದ ಗೋಲಿನಲ್ಲಿ ಮೊದಲರ್ಧ ನಿಲ್ಲುವವರು ಕೆಳಪೇಟೆಯವರೇ ಎಂಬುದು ತಾತಂದಿರ ಕಾಲದ ರೂಢಿ. ಅದು ಓಂಕಾರೇಶನಿಗೆ ಈಗ ನೆನಪಾಯಿತು. ಲೋಟಗಳು ಕೈಜಾರಿ ಬೀದಿಯವರೆಗೂ ಉರುಳಿದವು.

"ಮಾ... ಮಾಟ ಅಂದ್ರೆ ಎಂಥದ್ದಣ್ಣಾ?"

"ನಿಂಬೆಹಣ್ಣು ಕಣಯ್ಯಾ! ಕುಂಕುಮ, ಅರಿಶಿನದ ದಾರ, ಎಲ್ಲಾ ಪದ್ಧತಿ ಪ್ರಕಾರ. ನಮ್ಮ ಗೋಲ್‌ಕೀಪರ್ ರಘುನಾಥ ಬೆಳಗ್ಗೆ ಹುಲ್ಲು ಕೀಳಕ್ಕೆ ಹೋಗಿ ನೋಡ್ಬಿಟ್ಟ. ನೋಡಿದ್ದೇ ತಡ, ಹೊಟ್ಟೆ ಕಿತ್ಕೊಂಡೈತೆ. ಚೊಂಬು ಕೆಳಗಿಟ್ಟಿಲ್ಲ ಮುಂಡೇದು."

ರಘುನಾಥ ಹಿಂದಿನ ಸಂಜೆ ಹಠಕ್ಕೆ ಬಿದ್ದು ಒಂದು ಬಾಣಲೆ ಮಿರ್ಚಿ ಬೋಂಡಾ ಮುಗಿಸಿದ್ದನ್ನು ಬಸ್ ಸ್ಟ್ಯಾಂಡೇ ನೋಡಿತ್ತು. ಆದರೆ ಮಾಟ ಕಣ್ಣೆದುರಿಗಿರುವಾಗ ಬೋಂಡಾದ ಮೇಲೆ ಯಾರು ಗುಮಾನಿ ಪಡುತ್ತಾರೆ?

"ತೆಗ್ದು ಬಿಸಾಕಿದ್ರೆ ಆಗಲ್ವಾ ಅಣ್ಣಾ?"

"ಯಾರು ಮುಟ್ಟೋರು? ಇಟ್ಟ ಕೈನೇ ತೆಗೀಬೇಕಂತೆ. ಸಿಗ್ಲಿ ಅವನು! ನನ್ನ ಸ್ವಂತ ತಮ್ಮ ಆಗಿರ್ಲಿ, ನನ್ನ ಮಳಿಗೇಲಿ ಬಾಡಿಗೆಗಿರೋನು ಆಗಿರ್ಲಿ, ಸಾಮಾನು ಬೀದಿಗೆಸೆದು ಬೀಗ ಜಡೀದಿದ್ರೆ ನನ್ನ ಹೆಸ್ರು ರುದ್ರಮೂರ್ತಿ ಅಲ್ಲ."

"ನಾನಲ್ಲ ಅಣ್ಣಾ!" ಎಂದು ಓಂಕಾರೇಶ ಕೂಗಿಯೇ ಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಇದಕ್ಕೇ.

ರುದ್ರಮೂರ್ತಿಯವರು ಅವನನ್ನು ಮೇಲಿನಿಂದ ಕೆಳಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನನ್ನ ಯಾರಪ್ಪಾ ಅಂದ್ರು? ನಿಂಬೆ ಷರಬತ್ತು ಕುಡಿಯಕ್ಕೂ ಧೈರ್ಯ ಇಲ್ದೋನು ನೀನು."

ಆ ನಗುವಿನಿಂದ ಓಂಕಾರೇಶನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಪ್ಪತ್ತು ವರ್ಷದ ಅಂಗಡಿ. ಅದು ಹೋದರೆ ಅವನಿಗೆ ತಿಳಿದ ಬೇರೆ ಕಸುಬಿಲ್ಲ, ಅವನಿಗೆ ಮಳಿಗೆ ಕೊಡುವ ಬೇರೆ ಪುಣ್ಯಾತ್ಮನಿಲ್ಲ. ನಿಜ ಹೇಳೋಣವೆಂದರೆ ಅತ್ತೆಯ ಮಾತು: ಬಾಯಿ ಬಿಟ್ಟವನಿಗೇ ಸುತ್ತಿಕೊಳ್ಳುತ್ತದೆ. ಬಿಡದಿದ್ದರೆ ಬೀಗ. ಮಧ್ಯಾಹ್ನಕ್ಕೇ ಬಾಗಿಲು ಹಾಕಿ ಮನೆಗೆ ಓಡಿದ.

ಮನೆಯಲ್ಲಿ ಯೋಗಾನಂದ ಕುಣಿಯುತ್ತಿದ್ದ.

"ಭಾವಾ! ಯಾರೋ ನಮ್ಮೋನು ಒಬ್ಬ ಗಂಡು ಮಗ ಕೆಲ್ಸ ತೋರ್ಸಿದ್ದಾನೆ. ನಮಗೂ ಹೇಳ್ದೆ ಮಾಡಿದ್ದಾನೆ ನೋಡಿ, ಅದೂ ದೊಡ್ಡ ಗುಣ. ಯಾರೂಂತ ಗೊತ್ತಾಗ್ಲಿ, ಊರ ತುಂಬ ಮೆರವಣಿಗೆ ಮಾಡ್ತೀನಿ!"

ಓಂಕಾರೇಶನಿಗೆ ಒಂದು ಗಳಿಗೆ ಜೀವ ಬಂತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಒಲೆಯ ಮುಂದಿನಿಂದ ಕೋಮಲಾ ಕೇಳಿದಳು. "ಅಲ್ವೋ ಯೋಗೀ, ಅರ್ಧ ಆಟ ಆದ್ಮೇಲೆ ಕಡೆ ಬದಲಾಯಿಸ್ತೀರಲ್ಲ, ಆಗ ಆ ಗೋಲಲ್ಲಿ ನಿಲ್ಲೋರು ಯಾರೋ?"

ಯೋಗಾನಂದನ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು. ಮುಖದ ರಕ್ತ ಇಳಿಯಿತು. "ನಾವೇ... ಅಯ್ಯೋ! ಯಾವನೇ ಅಕ್ಕಾ ಆ ದರಿದ್ರದೋನು? ಸಿಗ್ಲಿ, ಎರಡೂ ಕಾಲು ಮುರಿದು ಕೈಗೆ ಕೊಡ್ತೀನಿ!"

ಓಂಕಾರೇಶ ತೆರೆದ ಬಾಯಿಗೆ ಒಂದು ತುತ್ತು ಅನ್ನ ಹಾಕಿಕೊಂಡು ಮುಚ್ಚಿದ.

ಆಮೇಲೆ ಎದುರು ಮನೆಯ ಹುಲಿಯಮ್ಮ ಬಂದಳು. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪ. ಕೈಯಲ್ಲಿ ಬಟ್ಟಲು, ಬಾಯಲ್ಲಿ ಊರು. "ಏಳು ನಿಂಬೆಹಣ್ಣಂತೆ ಕಣೇ ಕೋಮಲಾ! ಮಧ್ಯದಾಗೆ ಒಂದು ಗೊಂಬೆ, ಗೊಂಬೆ ಮೈತುಂಬ ಜಾಲಿ ಮುಳ್ಳು. ಚೌಳಹಿರಿಯೂರು ಕಡೆಯಿಂದ ಯಾರೋ ಮಾಟಗಾರನ್ನ ಕರೆಸಿದ್ರಂತೆ. ಮೊದ್ಲು ತುಳಿದೋನು ರಕ್ತ ಕಾರ್ಕೊಂಡು ಅಲ್ಲೇ ಒರಗ್ತಾನಂತೆ."

ಒಂದು ನಿಂಬೆಹಣ್ಣಾಗಿದ್ದರೆ ಕೋಮಲಾಗೂ ತೀರ್ಥಮ್ಮನವರಿಗೂ ಅನುಮಾನ ಬರುತ್ತಿತ್ತೋ ಏನೋ. ಏಳು ಎಂದದ್ದರಿಂದ ಇಬ್ಬರೂ ಕೆನ್ನೆ ಬಡಿದುಕೊಂಡು ಸುಮ್ಮನಾದರು. ಆದರೆ ಓಂಕಾರೇಶ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ್ದು ಆಗಲೇ. ತಾನಿಟ್ಟದ್ದು ಒಂದು. ಮಿಕ್ಕ ಆರು ಎಲ್ಲಿಂದ ಬಂದವು? ತನ್ನದೇ ಮರಿ ಹಾಕಿತೇ? ಗೊಂಬೆ ಯಾರ ಆಕಾರದಲ್ಲಿದೆ? ತನ್ನ ಹಾಗೆ ಬೋಳುತಲೆ ಇದೆಯೇ? ಶುಕ್ರವಾರದವರೆಗೆ ಅವನು ಮನುಷ್ಯರಿಗೆ ಮಾತ್ರ ಹೆದರುತ್ತಿದ್ದ. ಶನಿವಾರದ ಸಂಜೆಯಿಂದ ತಾನೇ ಇಟ್ಟ ನಿಂಬೆಹಣ್ಣಿಗೆ ಹೆದರಿದ.

ಭಾನುವಾರ ಬೆಳಗ್ಗೆ ಆದದ್ದಾಗಲಿ ಎಂದು ಶಿವನಾಮ ಜಪಿಸುತ್ತ ಅದನ್ನು ತೆಗೆಯಲು ಹೊರಟ. ಮೈದಾನದಲ್ಲಿ ಆಗಲೇ ಎರಡೂ ಪೇಟೆಯವರು ಕಾವಲು ಕೂತಿದ್ದರು. ಆ ಕಡೆಯವರು ಇನ್ನಷ್ಟು ತಂದಿಟ್ಟಾರೆಂದು ಈ ಕಡೆಯವರು, ಈ ಕಡೆಯವರು ತಂದಿಟ್ಟಾರೆಂದು ಆ ಕಡೆಯವರು. ಕಾವಲಿನವರೂ ಗೋಲಿನ ಹತ್ತಿರ ಸುಳಿದಿರಲಿಲ್ಲ. ದೂರದಿಂದಲೇ ಕಣ್ಣು ನೆಟ್ಟಿದ್ದರು. ಓಂಕಾರೇಶ "ಗಾಳಿ ಚೆನ್ನಾಗೈತೆ" ಎಂದು ಯಾರಿಗೋ ಹೇಳಿ ವಾಪಸಾದ.

ಪಂದ್ಯಕ್ಕೆ ಕಡೂರಿನಿಂದ ಒಬ್ಬ ಪಿ.ಟಿ. ಮೇಷ್ಟ್ರನ್ನು ರೆಫ್ರಿಯಾಗಿ ಕರೆಸಿದ್ದರು. ಜಗಳ ತಪ್ಪಿಸಲು ಈ ಸಲ ಆಟ ಸಮವಾದರೆ ಪೆನಾಲ್ಟಿ ಒದೆತದಲ್ಲೇ ತೀರ್ಮಾನವೆಂದು ಅವರೇ ನಿಯಮ ತಂದದ್ದು. ನಿಂಬೆಹಣ್ಣಿನ ಕಥೆ ಕೇಳಿ ಮೇಷ್ಟ್ರು ಸಿಡುಕಿದರು. "ಏನ್ರೀ ಇದು, ಯಾವ ಕಾಲದಲ್ಲಿದೀರಿ? ನಾನೇ ತೆಗೆದು ಎಸೀತೀನಿ."

"ತೆಗೀರಿ ಸಾರ್," ಎಂದರು ರುದ್ರಮೂರ್ತಿಯವರು ಬಹಳ ವಿನಯದಿಂದ. "ಅದಕ್ಕೆ ಮೊದ್ಲು ಮನೆಯೋರ ಫೋನ್ ನಂಬರ್ ಒಂದು ಕೊಟ್ಟಿರಿ."

ಮೇಷ್ಟ್ರು ಮುಂದಿಟ್ಟ ಕಾಲನ್ನು ಹಿಂದಿಟ್ಟು, ಗೋಲಿನೊಳಗೆ ಹಣ್ಣು ಇರಬಾರದೆಂದು ಫುಟ್‌ಬಾಲ್ ನಿಯಮದಲ್ಲಿ ಎಲ್ಲೂ ಹೇಳಿಲ್ಲ, ಇರಲಿ ಬಿಡಿ ಎಂದು ಸೀಟಿ ಊದಿದರು.

ಅಂಥ ಆಟವನ್ನು ಊರು ಹಿಂದೆಂದೂ ನೋಡಿರಲಿಲ್ಲ. ಮೊದಲರ್ಧದಲ್ಲಿ ರಘುನಾಥ ಗೋಲಿನಿಂದ ಅರ್ಧ ಮೈದಾನ ಮುಂದೆ ನಿಂತು ಗೋಲು ಕಾದ. ಹಾಗೆ ಬರಿದಾಗಿ ಬಿದ್ದಿದ್ದ ಗೋಲಿನ ಕಡೆಗೆ ಮೇಲ್ಪೇಟೆಯವರೂ ಹೋಗಲಿಲ್ಲ. ಒಮ್ಮೆ ಚೆಂಡು ತಾನಾಗಿ ಅತ್ತ ಉರುಳಿದಾಗ ಎರಡೂ ತಂಡದವರು ಸಾಲಾಗಿ ನಿಂತು, ಅದು ನಿಲ್ಲುವವರೆಗೂ ಉಸಿರು ಬಿಗಿಹಿಡಿದರು. ಕಡೆ ಬದಲಾದ ಮೇಲೆ ಮೇಲ್ಪೇಟೆಯ ಕೀಪರನೂ ಅಷ್ಟೇ ಮುಂದೆ ಬಂದು ನಿಂತ. ಆಟ ಸೊನ್ನೆ-ಸೊನ್ನೆಯಲ್ಲಿ ಮುಗಿಯಿತು.

ಪಶ್ಚಿಮದ ಗೋಲಿಗೆ ತಾಗಿಕೊಂಡೇ ಹೆಂಗಸರಿಗಾಗಿ ಶಾಮಿಯಾನ ಹಾಕಿದ್ದರಿಂದ ಪೆನಾಲ್ಟಿ ಪೂರ್ವದ ಗೋಲಿಗೇ ಒದೆಯಬೇಕಾಯಿತು. ಕೀಪರ್ ಕಂಬಗಳ ನಡುವೆಯೇ ನಿಲ್ಲಬೇಕೆಂದು ಮೇಷ್ಟ್ರು ಹಠ ಹಿಡಿದರು. ರಘುನಾಥ ಚೊಂಬು ಹಿಡಿದು ಮಾಯವಾದ. ಮೇಲ್ಪೇಟೆಯ ಕೀಪರ್ ಕೈ ಮುಗಿದ. "ಸಾರ್, ಹೆಂಡ್ತಿ ಬಸುರಿ. ಇಂಥದ್ರ ಹತ್ರ ನಾನು ಹೋಗೋ ಹಂಗಿಲ್ಲ." ಅದು ನ್ಯಾಯವಾದ ಮಾತೆಂದು ಶಾಮಿಯಾನದ ಹೆಂಗಸರೆಲ್ಲ ಕೂಗಿದರು.

"ಹಾಗಾದ್ರೆ ಎರಡೂ ಕಡೆಗೆ ಬೇಕಾದೋರು ಯಾರಾದ್ರೂ ಒಬ್ರು ನಿಂತ್ಕೊಳ್ಳಿ," ಎಂದರು ಮೇಷ್ಟ್ರು ಬೇಸತ್ತು.

ರುದ್ರಮೂರ್ತಿಯವರ ಕೈಯೂ ಯೋಗಾನಂದನ ಕೈಯೂ ಒಟ್ಟಿಗೇ ಎದ್ದು, ಶಾಮಿಯಾನದ ಪಕ್ಕ ನೆಲಗಡಲೆ ಸುಲಿಯುತ್ತ ನಿಂತಿದ್ದ ಬೋಳುತಲೆಯ ಕಡೆ ತೋರಿದವು. ಎಷ್ಟೋ ವರ್ಷಗಳ ನಂತರ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಓಂಕಾರೇಶ "ಅಯ್ಯೋ, ಅಂಗಡಿ ಬಾಗ್ಲು ತೆಗೆದಿಟ್ಟು ಬಂದಿದೀನಿ" ಎನ್ನುತ್ತಿದ್ದಂತೆಯೇ ನಾಲ್ಕು ಜನ ಎತ್ತಿಕೊಂಡು ಬಂದು ಗೋಲಿನ ಮುಂದೆ ಇಳಿಸಿ ಓಡಿಹೋದರು.

ರುದ್ರಮೂರ್ತಿಯವರು ದೂರದಿಂದಲೇ ಒಂದು ಕಿವಿಗೆ ಕೂಗಿದರು. "ನಮ್ಮೋರು ಒದ್ದಾಗ ಸುಮ್ನೆ ಪಕ್ಕಕ್ಕೆ ಸರ್ಕೋ. ಸರ್ಕೊಳ್ಲಿಲ್ವೋ, ನಾಳೆ ಅಂಗಡಿಗೆ ಬೀಗ!" ಇನ್ನೊಂದು ಕಿವಿಗೆ ಯೋಗಾನಂದ. "ಭಾವಾ, ಅವರ ಚೆಂಡು ಒಂದು ಒಳಗೆ ಹೋದ್ರೂ ಅಕ್ಕನ್ನ ತವರಿಗೆ ಕರ್ಕೊಂಡೋಗ್ತೀನಿ!" ತವರು ಪಕ್ಕದ ಮನೆಯೇ ಆಗಿದ್ದರೂ ಬೆದರಿಕೆ ಬೆದರಿಕೆಯೇ.

ಓಂಕಾರೇಶ ಪಂಚೆ ಎತ್ತಿ ಕಟ್ಟಿ ನಿಂತ. ಮುಂದೆ ಮನುಷ್ಯರು, ಹಿಂದೆ ಅದು. ತಿರುಗಿ ನೋಡುವ ಹಾಗಿಲ್ಲ. ಹುಲ್ಲು ಅಲುಗಿದರೆ ಗೊಂಬೆ ಎದ್ದು ಬಂತೆಂದು ಬೆನ್ನು ತಣ್ಣಗಾಗುತ್ತಿತ್ತು. ಅವನಿಗೆ ತಿಳಿಯದ ಸಂಗತಿಯೆಂದರೆ, ಒದೆಯಲು ಬಂದವರೂ ಅಷ್ಟೇ ನಡುಗುತ್ತಿದ್ದರು. ಚೆಂಡು ಒಳಗೆ ಹೋಗಿ ಅದಕ್ಕೆ ತಗುಲಿದರೆ ಒದ್ದ ಕಾಲೇ ಸೇದಿಹೋಗುತ್ತದೆಂದು ಯಾರೋ ಹಬ್ಬಿಸಿದ್ದರು. ಹಾಗಾಗಿ ಕೆಳಪೇಟೆಯವರು ಬೇಲಿಗೆ ಒದ್ದರು, ಮೇಲ್ಪೇಟೆಯವರು ಆಕಾಶಕ್ಕೆ ಒದ್ದರು. ಮುಳ್ಳಿಗೆ ಸಿಕ್ಕ ಚೆಂಡುಗಳು ಒಂದೊಂದಾಗಿ ಬುಸ್ಸೆಂದವು.

ಕೊನೆಯದು ಯೋಗಾನಂದನದು. ಅವನೂ ಆಕಾಶಕ್ಕೇ ಗುರಿ ಇಟ್ಟಿದ್ದ, ಆದರೆ ಭಯಕ್ಕೆ ಕಣ್ಣು ಮುಚ್ಚಿ ಒದ್ದ. ಆ ಕ್ಲಬ್ಬಿನ ಚರಿತ್ರೆಯಲ್ಲೇ ಗೋಲಿನ ನೇರಕ್ಕೆ ಹೋದ ಮೊದಲ ಚೆಂಡು ಓಂಕಾರೇಶನ ಹೊಟ್ಟೆಗೆ ಧೊಪ್ಪೆಂದು ಬಡಿದು ವಾಪಸು ಚಿಮ್ಮಿತು. ಓಂಕಾರೇಶ ತತ್ತರಿಸಿ ಹಿಂದಕ್ಕೆ ಹೋಗಿ ಹುಲ್ಲಿನಲ್ಲಿ ಕುಕ್ಕರುಬಡಿದ.

ಪಚಕ್.

ಪಂಚೆಯೊಳಗೆ ತಂಪಾಗಿ ಏನೋ ಹರಿಯಿತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು, ರಕ್ತ ಯಾವಾಗ ಬರುತ್ತದೆಂದು. ಓಂಕಾರೇಶನೂ ಕಾದ. ಕಣ್ಣು ಕತ್ತಲಿಟ್ಟಿತು.

"ನಾನು ಸಾಯ್ತಿದೀನಿ," ಎಂದು ಕಿರುಚಿದ. "ಸಾಯೋಕ್ ಮುಂಚೆ ನಿಜ ಹೇಳ್ಬಿಡ್ತೀನಿ. ನಂದೇ ಕಣ್ರಪ್ಪೋ ನಿಂಬೆಹಣ್ಣು! ಮಾಟ ಅಲ್ಲ, ಸ್ಕೂಟರ್ ಪೂಜೇದು! ಚಕ್ರಕ್ಕ್ ಸಿಗ್ಲಿಲ್ಲ, ತಂದಿಟ್ಟೆ! ಆದ್ರೆ ಮಿಕ್ಕ ಆರು ನಂದಲ್ಲ, ಗೊಂಬೆ ನಂದಲ್ಲ! ಕೋಮಲಾ, ಅಂಗಡಿ ಕೈಬಿಡಬೇಡ ಕಣೇ!"

ಮೇಷ್ಟ್ರು ಧೈರ್ಯ ಮಾಡಿ ಹತ್ತಿರ ಹೋಗಿ ಹುಲ್ಲು ಕೆದಕಿದರು. ಆರೂ ಇರಲಿಲ್ಲ, ಗೊಂಬೆಯೂ ಇರಲಿಲ್ಲ. ಓಂಕಾರೇಶನ ಪಂಚೆಗೆ ಅಂಟಿದ ಒಂದು ಸಿಪ್ಪೆ ಮಾತ್ರ ಇತ್ತು. ಮೊದಲು ನಕ್ಕವರು ರುದ್ರಮೂರ್ತಿಯವರು. "ಹಾಳಾಗೋಗ್ಲಿ, ಸ್ಕೂಟರ್ ನಿಂಬೆಹಣ್ಣಿಗಾ ನಾವು ಎರಡು ದಿನ ನಿದ್ದೆಗೆಟ್ಟಿದ್ದು!" ಯೋಗಾನಂದ ನಕ್ಕ, ಶಾಮಿಯಾನ ನಕ್ಕಿತು, ಚೊಂಬು ಹಿಡಿದುಕೊಂಡೇ ರಘುನಾಥ ನಕ್ಕ. ಬೀಗದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಓಂಕಾರೇಶನ ಕಣ್ಣಲ್ಲಿ ನೀರು ಬಂತು. ಅಂಗಡಿ ಉಳಿಯಿತು, ಜೀವ ಉಳಿಯಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕಡೂರಿನ ಮೇಷ್ಟ್ರಿಗೆ ಒಂದು ಸಂಶಯ ಬಂತು. "ಅಲ್ರೀ, ಇಷ್ಟು ದೊಡ್ಡ ಊರಲ್ಲಿ ಹುಡುಕಿ ಹುಡುಕಿ ಇಲ್ಲಿಗೇ ಯಾಕೆ ತಂದಿಟ್ರಿ?"

ಹುಟ್ಟಿದ ಮೇಲೆ ಮೊದಲ ಬಾರಿ ಹೆದರಿಕೆ ಬಿಟ್ಟು ಮಾತಾಡಿದ ಓಂಕಾರೇಶ. ಅದೇ ತಪ್ಪಾಯಿತು.

"ಯಾರೂ ತುಳೀದೇ ಇರೋ ಜಾಗ ನೋಡಿ ಇಡಿ ಅಂದ್ರು ಸಾರ್ ನಮ್ಮತ್ತೆ. ಕೆರೆ ಏರಿ ನೋಡ್ದೆ, ಅರಳಿಕಟ್ಟೆ ನೋಡ್ದೆ, ಎಲ್ಲಾ ಕಡೆ ಜನ. ಇಲ್ಲಾದ್ರೆ ಎರಡು ಪೇಟೆಯೋರೂ ಇವತ್ತಿನವರೆಗೆ ಒಬ್ರೂ ಬಂದಿಲ್ವಲ್ಲಾ ಸಾರ್. ಇನ್ ಮುಂದಕ್ಕೂ ಬರಲ್ಲ ಅಂತ ಧೈರ್ಯವಾಗಿ ಇಟ್ಟೆ."

ಮೇಷ್ಟ್ರು ನಕ್ಕರು. ಈ ಸಲ ಅವರೊಬ್ಬರೇ ನಕ್ಕರು. ಪರವೂರಿನವನು, ಅದೂ ಕಡೂರಿನವನು, ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಾಡಿ ನಕ್ಕದ್ದನ್ನು ಎರಡೂ ಪೇಟೆಗಳು ನೋಡಿದವು. ಮಾಟವಾಗಿದ್ದರೆ ಮಾಫಿ ಇತ್ತು. ತಮ್ಮ ಗೋಲಿಗೆ ಮಾಟ ಮಾಡಿಸುವಷ್ಟು ಯಾರೋ ತಮಗೆ ಹೆದರಿದ್ದಾರೆಂಬ ಗೌರವವಾದರೂ ಉಳಿಯುತ್ತಿತ್ತು. ರುದ್ರಮೂರ್ತಿಯವರು ಯೋಗಾನಂದನ ಮುಖ ನೋಡಿದರು. ಯೋಗಾನಂದ ರುದ್ರಮೂರ್ತಿಯವರ ಮುಖ ನೋಡಿದ.

"ಹಿಡೀರೋ ಅವನ್ನ!" ಎಂದರು ಇಬ್ಬರೂ.

ಓಂಕಾರೇಶ ಮೈದಾನದ ಉದ್ದಕ್ಕೂ ಓಡಿದ. ಹಿಂದೆ ಕೆಳಪೇಟೆ, ಮೇಲ್ಪೇಟೆ, ಚೊಂಬಿನ ಸಮೇತ ರಘುನಾಥ. ಆ ಎರಡು ತಂಡಗಳು ಒಂದೇ ದಿಕ್ಕಿಗೆ ಓಡಿದ್ದನ್ನು ಊರು ನೋಡಿದ್ದು ಅದೇ ಮೊದಲು. ಪಶ್ಚಿಮದ ಕಂಬಗಳ ನಡುವೆ ತೂರಿ ಬಸ್ ಸ್ಟ್ಯಾಂಡಿಗೆ ಬಿದ್ದ ಓಂಕಾರೇಶ, ಹೊರಟಿದ್ದ ಅಜ್ಜಂಪುರದ ಬಸ್ಸಿನ ಹಿಂಬಾಗಿಲಿಗೆ ಜೋತುಬಿದ್ದ.

ಅಜ್ಜಂಪುರದಲ್ಲಿ ಅಕ್ಕ ವಿಮಲಮ್ಮನ ಮನೆ. ಅಕ್ಕ ಕೊಟ್ಟ ನೀರು ಕುಡಿದು, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಮನೆಗೆ ಫೋನ್ ಮಾಡಿದ.

"ಕೋಮಲಾ, ಹೆಂಗೈತೆ ಅಲ್ಲಿ? ಅಂಗಡಿಗೆ ಬೀಗ ಹಾಕಿದ್ರಾ?"

"ಇಲ್ಲ ಕಣ್ರೀ. ಓಡಿ ಓಡಿ ಸುಸ್ತಾಗಿ ಬಸ್ ಸ್ಟ್ಯಾಂಡಲ್ಲಿ ಯೋಗಿ, ರುದ್ರಮೂರ್ತಿಯೋರು ಇಬ್ರೂ ಒಂದೇ ಬೆಂಚಿನ ಮೇಲೆ ಕೂತ್ರಂತೆ. ಒಂದೇ ಬಾಟ್ಲಿ ನೀರು ಕುಡಿದ್ರಂತೆ. ಆಮೇಲೆ ಯೋಗಿನೇ ಅವರನ್ನ ನಮ್ಮನೆಗೆ ಕರ್ಕೊಂಡ್ ಬಂದ. ಜಗಲಿ ಮೇಲೆ ಕೂತು ಕಾಫಿ ಕುಡಿದ್ರು. ಏನು ದೋಸ್ತಿ ಅಂತೀರಿ, ಅಣ್ಣತಮ್ಮಂದಿರ ಹಂಗೆ!"

"ಶಿವನೇ, ನೀನಿದ್ದೀಯಪ್ಪಾ!" ಓಂಕಾರೇಶ ಗೋಡೆಗೊರಗಿ ಕೂತ. "ಏನು ಮಾತಾಡ್ಕೊಂಡ್ರು?"

"ಬರೀ ನಿಮ್ಮ ವಿಷಯಾನೇ ಕಣ್ರೀ. ಇಪ್ಪತ್ತು ವರ್ಷದಿಂದ ಅವರ ಬಗ್ಗೆ ಇವನ ಹತ್ರ ಏನೇನಂದಿದ್ರಿ ಅಂತ ಯೋಗಿ ಹೇಳ್ದ. ಇವನ ಬಗ್ಗೆ ಅವರ ಹತ್ರ ಏನೇನಂದಿದ್ರಿ ಅಂತ ಅವರು ಹೇಳಿದ್ರು. ಒಂದೊಂದಾಗಿ, ನಿಧಾನಕ್ಕೆ."

ಓಂಕಾರೇಶ ಫೋನನ್ನು ಕಿವಿಗೆ ಒತ್ತಿಕೊಂಡ. "ಕೂ... ಕೂಗಾಡಿದ್ರಾ?"

"ಇಲ್ಲಾರೀ, ಅದಕ್ಕೇ ನಂಗೆ ಹೆದ್ರಿಕೆ. ಲೋಟ ಕೆಳಗಿಟ್ಟು ಸುಮ್ನೆ ಎದ್ರು. ನಿಮ್ಮಕ್ಕನ ಮನೆ ಯಾವ ಬೀದೀಲಿ ಅಂತ ಕೇಳಿದ್ರು. ಒಂದೇ ಬೈಕಲ್ಲಿ ಹೊರಟು ಆಗ್ಲೇ ಮುಕ್ಕಾಲು ಗಂಟೆ ಆಯ್ತು."

ಬಾಗಿಲ ಹೊರಗೆ ಒಂದು ಬೈಕು ಬಂದು ನಿಂತಿತು. ಎರಡು ಜೊತೆ ಚಪ್ಪಲಿ ಮೆಟ್ಟಿಲು ಹತ್ತಿದ ಸದ್ದು. ಓಂಕಾರೇಶ ಫೋನನ್ನು ಎದೆಗವಚಿಕೊಂಡು ಒಳಮನೆಯತ್ತ ತೆವಳಿದ.

"ಅಕ್ಕಾ, ನಿಮ್ಮನೆಗೆ ಹಿತ್ತಿಲ ಬಾಗ್ಲು ಐತೇನೇ?"